‘ಬಲವಿಲ್ಲದ (3)’: ದೌರ್ಬಲ್ಯ ಸೂಚಿಸುವ ಪದಗಳನ್ನು ಪದಬಂಧದಲ್ಲಿ ಬಿಡಿಸುವ ಸಮಗ್ರ ಮಾರ್ಗದರ್ಶಿ

ಪದಬಂಧದಲ್ಲಿ ‘ಬಲವಿಲ್ಲದ (3)’ ಎಂಬ ಸುಳಿವು ಕಂಡೊಡನೆ ಬಹಳ ಮಂದಿ ‘ದುರ್ಬಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಆವರಣದ ಅಂಕಿ ಉತ್ತರ ತುಂಬುವ ಮನೆಗಳ, ಅಂದರೆ ಖಾನೆಗಳ, ಸಂಖ್ಯೆ. ಸ್ವಲ್ಪ ಹೊತ್ತಿನಲ್ಲೇ ಆ ಮೂಲೆ ಕಗ್ಗಂಟಾಗುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಯಾವ ಪದವೂ ಕೂಡುವುದಿಲ್ಲ. ಇವರಿಗೆ ಪದ ಗೊತ್ತಿಲ್ಲವೆಂದಲ್ಲ. ಅಶಕ್ತ, ನಿಶ್ಶಕ್ತ, ನಿತ್ರಾಣ, ನಿರ್ಬಲ, ಪೇಲವ ಎಲ್ಲವೂ ಗೊತ್ತು. ಎಡವುವುದು ಕ್ರಮದಲ್ಲಿ. ಮೊದಲು ಅರ್ಥ ಹುಡುಕಿ ಆಮೇಲೆ ಮನೆ ಎಣಿಸುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು: ಮೊದಲು ಮನೆ, ಆಮೇಲೆ ಸುಳಿವಿನ ವ್ಯಾಕರಣ, ಆಮೇಲೆ ಅರ್ಥದ ಛಾಯೆ, ಕೊನೆಗೆ ನಿಘಂಟು.

ದೌರ್ಬಲ್ಯದ ಪದಗಳನ್ನೇ ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. ಕನ್ನಡದಲ್ಲಿ ಈ ಅರ್ಥಕ್ಕೆ ಮೂರು ಅಕ್ಷರದ ಪದಗಳೇ ಹದಿನೈದಕ್ಕಿಂತ ಹೆಚ್ಚು ಸಿಗುತ್ತವೆ. ಅವುಗಳಲ್ಲಿ ಒತ್ತಕ್ಷರ, ವಿಸರ್ಗ, ಅರ್ಕಾವತ್ತು, ತಪ್ಪು ಕಾಗುಣಿತ ಎಲ್ಲವೂ ಎದುರಾಗುತ್ತವೆ. ಇವನ್ನು ಸರಿಯಾಗಿ ಬಿಡಿಸುವುದು ರೂಢಿಯಾದರೆ ಬೇರೆ ಸಮಾನಾರ್ಥಕ ಸುಳಿವುಗಳಿಗೂ ಅದೇ ದಾರಿ ಸಾಕು.

ಕೈಯಲ್ಲಿ ಇರಬೇಕಾದದ್ದು

ಪೆನ್ಸಿಲ್, ರಬ್ಬರು, ಒಂದು ಸಣ್ಣ ನೋಟುಬುಕ್ಕು, ಒಂದು ಕನ್ನಡ–ಕನ್ನಡ ನಿಘಂಟು. ಪೆನ್ನು ಬೇಡ. ಸಮಾನಾರ್ಥಕದ ಸುಳಿವಿಗೆ ಮೊದಲು ಬರೆದ ಪದ ಅಳಿಸಬೇಕಾಗಿ ಬರುವುದೇ ಹೆಚ್ಚು.

ನಿಘಂಟಿನಲ್ಲಿ ದಿನಪತ್ರಿಕೆಯ ಪದಬಂಧಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಸಾಕಾಗುತ್ತದೆ. ಹಳಗನ್ನಡದ ಪದ ಕೇಳುವ ಪದಬಂಧಗಳಿಗೆ ಪರಿಷತ್ತಿನದೇ 8 ಸಂಪುಟಗಳ ದೊಡ್ಡ ನಿಘಂಟು ಬೇಕು; ಗ್ರಂಥಾಲಯದಲ್ಲಿ ನೋಡಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹಳೆಯ ಬಳಕೆಗಳಿಗೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ಜಾಲನಿಘಂಟು ಇದೆ.

1. ಮನೆ ಎಣಿಸಿ, ಉಚ್ಚಾರಣೆಯನ್ನಲ್ಲ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಅಕ್ಷರವೆಂದರೆ ಬರಹದಲ್ಲಿ ಒಂದಾಗಿ ನಿಲ್ಲುವ ಗುಂಪು: ವ್ಯಂಜನ, ಅದರ ಒತ್ತು, ಅದರ ಗುಣಿತ ಚಿಹ್ನೆ, ಪಕ್ಕದ ಸೊನ್ನೆ ಅಥವಾ ವಿಸರ್ಗ ಎಲ್ಲ ಸೇರಿ ಒಂದೇ ಮನೆ.

‘ದುರ್ಬಲ’ವನ್ನು ಬಾಯಲ್ಲಿ ಹೇಳಿದಾಗ ದುರ್–ಬ–ಲ ಎಂದು ಕೇಳುತ್ತದೆ. ಛಂದಸ್ಸಿನ ಪ್ರಸ್ತಾರ ಹಾಕುವವರಿಗೂ ಮೊದಲನೆಯದು ಗುರು. ಆದರೆ ಮನೆ ತುಂಬುವುದು ದು–ರ್ಬ–ಲ ಎಂದೇ. ರಕಾರ ಮುಂದಿನ ಅಕ್ಷರದ ಜೊತೆ ಹೋಗುತ್ತದೆ. ಅರ್ಕಾವತ್ತನ್ನು ಕೆಲವರು ಹಿಂದಿನ ಮನೆಗೆ ಸೇರಿಸಿ ‘ದುರ್’ ಎಂದು ಬರೆದುಬಿಡುತ್ತಾರೆ. ಎರಡನೆಯ ಮನೆಗೆ ಬರಿ ‘ಬ’ ಬಂದು, ಅದೇ ಮನೆಯನ್ನು ಮೇಲಿನಿಂದ ಕೆಳಕ್ಕೆ ಹಾಯುವ ಇನ್ನೊಂದು ಪದ ಹಾಳಾಗುತ್ತದೆ.

ಈ ಕೆಲವನ್ನು ಒಮ್ಮೆ ಬಿಡಿಸಿ ನೋಡಿ:

ಕ್ಷೀಣ: ಕ್ಷೀ–ಣ, 2
ಜೀರ್ಣ: ಜೀ–ರ್ಣ, 2
ಕಾರ್ಶ್ಯ: ಕಾ–ರ್ಶ್ಯ, 2
ಕುಂದು: ಕುಂ–ದು, 2
ದೌರ್ಬಲ್ಯ: ದೌ–ರ್ಬ–ಲ್ಯ, 3
ನಿರ್ವೀರ್ಯ: ನಿ–ರ್ವೀ–ರ್ಯ, 3
ನಿಸ್ಸತ್ತ್ವ: ನಿ–ಸ್ಸ–ತ್ತ್ವ, 3
ಶಕ್ತಿಹೀನ: ಶ–ಕ್ತಿ–ಹೀ–ನ, 4
ನರದೌರ್ಬಲ್ಯ: ನ–ರ–ದೌ–ರ್ಬ–ಲ್ಯ, 5

‘ಕಾರ್ಶ್ಯ’ದ ಎರಡನೆಯ ಮನೆಯಲ್ಲಿ ಮೂರು ವ್ಯಂಜನಗಳಿವೆ. ಆದರೂ ಒಂದೇ ಮನೆ.

ಪದದ ಕೊನೆಗೆ ಬರಿಯ ವ್ಯಂಜನ ಬಂದರೆ, ಉದಾಹರಣೆಗೆ ಆಡುಮಾತಿನ ‘ವೀಕ್’, ಸಾಮಾನ್ಯವಾಗಿ ಆ ‘ಕ್’ಗೆ ಒಂದು ಮನೆ ಬಿಟ್ಟಿರುತ್ತಾರೆ: ವೀ–ಕ್, 2. ಎರವಲು ಪದಗಳಲ್ಲಿ ಇನ್ನೊಂದು ತೊಡಕಿದೆ. ‘ಕಮಜೋರಿ’ ಎಂದು ಬರೆದರೆ 4 ಮನೆ, ‘ಕಮ್ಜೋರಿ’ ಎಂದರೆ 3. ಎರಡೂ ಅಚ್ಚಿನಲ್ಲಿ ಕಾಣಿಸುತ್ತವೆ. ಆದ್ದರಿಂದ ಎರವಲು ಪದದ ಮನೆಯ ಸಂಖ್ಯೆ ಸುಳಿವಿಗೆ ಹೊಂದದಿದ್ದರೆ ಪದವನ್ನು ಬಿಡುವ ಮೊದಲು ಬರಹವನ್ನು ಬದಲಿಸಿ ನೋಡಿ.

2. ಸುಳಿವಿನ ಕೊನೆಯ ಪ್ರತ್ಯಯ ಓದಿ

ಇದನ್ನು ನಿಧಾನವಾಗಿ ಮಾಡಬೇಕು. ಸುಳಿವು ಯಾವ ರೂಪದಲ್ಲಿದೆಯೋ ಉತ್ತರವೂ ಅದೇ ರೂಪದಲ್ಲಿರುತ್ತದೆ. ಒಳ್ಳೆಯ ಪದಬಂಧಕಾರರು ಈ ನಿಯಮ ಮೀರುವುದಿಲ್ಲ.

‘ಶಕ್ತಿಯಿಲ್ಲದ’ ಎಂದಿದ್ದರೆ ವಿಶೇಷಣ ಬೇಕು: ದುರ್ಬಲ, ನಿರ್ಬಲ, ಪೇಲವ.

‘ಶಕ್ತಿಯಿಲ್ಲದವನು’ ಎಂದರೆ ವ್ಯಕ್ತಿ: ದುರ್ಬಲ, ಬಡಪಾಯಿ, ಕೈಲಾಗದವ. ಇಲ್ಲಿ ಪೇಲವ ಬರುವುದಿಲ್ಲ, ಶಿಥಿಲವೂ ಬರುವುದಿಲ್ಲ.

‘ಶಕ್ತಿಯಿಲ್ಲದವಳು’ ಎಂದರೆ ಕೊನೆಯ ಮನೆ ಎಕಾರಾಂತವಾಗುವ ಸಂಭವ ಬಹಳ: ಅಬಲೆ, ಅಶಕ್ತೆ, ದುರ್ಬಲೆ. ಈ ಒಂದು ಗುರುತಿನಿಂದಲೇ ಪೆನ್ಸಿಲಿನಲ್ಲಿ ಕೊನೆಯ ಮನೆಗೆ ‘ಏತ್ವ’ ಹಾಕಿಟ್ಟುಕೊಳ್ಳಬಹುದು.

‘ಶಕ್ತಿಯಿಲ್ಲದಿರುವಿಕೆ’, ‘ಶಕ್ತಿಯಿಲ್ಲದ ಸ್ಥಿತಿ’ ಎಂದರೆ ಭಾವನಾಮ. ಇಲ್ಲಿ ಎರಡು ಬಗೆ. ಒಂದು ‘ತೆ’ ಹಚ್ಚಿದ್ದು: ದುರ್ಬಲತೆ (4), ಬಲಹೀನತೆ (5), ಕ್ಷೀಣತೆ (3). ಇನ್ನೊಂದು ಮೊದಲ ಸ್ವರ ಹಿಗ್ಗಿ ಕೊನೆಗೆ ಯಕಾರದ ಒತ್ತು ಬರುವ ಸಂಸ್ಕೃತ ರೂಪ. ಸುಂದರದಿಂದ ಸೌಂದರ್ಯ ಆದ ಹಾಗೆ ದುರ್ಬಲದಿಂದ ದೌರ್ಬಲ್ಯ, ಶಿಥಿಲದಿಂದ ಶೈಥಿಲ್ಯ, ಕೃಶದಿಂದ ಕಾರ್ಶ್ಯ, ದೀನದಿಂದ ದೈನ್ಯ, ಕ್ಲೀಬದಿಂದ ಕ್ಲೈಬ್ಯ. ಈ ಎರಡನೆಯ ಬಗೆಯಲ್ಲಿ ಮನೆಗಳ ಸಂಖ್ಯೆ ಬದಲಾಗುವುದಿಲ್ಲ. ದುರ್ಬಲಕ್ಕೂ 3, ದೌರ್ಬಲ್ಯಕ್ಕೂ 3. ಬಹಳ ಜನ ಎಡವುವುದು ಇಲ್ಲೇ: ಸಂಖ್ಯೆ ಹೊಂದಿತೆಂದು ಗುಣವಾಚಕ ಬರೆದುಬಿಡುತ್ತಾರೆ. ಮೊದಲ ಮನೆ ‘ದು’ವೋ ‘ದೌ’ವೋ ಎಂಬುದನ್ನು ಸುಳಿವಿನ ಪ್ರತ್ಯಯವೇ ಹೇಳುತ್ತಿರುತ್ತದೆ. ಭಗವದ್ಗೀತೆಯ 2ನೆಯ ಅಧ್ಯಾಯದ 3ನೆಯ ಶ್ಲೋಕದಲ್ಲಿ ‘ಕ್ಲೈಬ್ಯ’, ‘ಹೃದಯದೌರ್ಬಲ್ಯ’ ಎರಡೂ ಇವೆ. ಅರ್ಜುನನಿಗೆ ಕೃಷ್ಣ ಬಿಡೆಂದದ್ದು ಏನು ಎಂಬ ಮಾದರಿಯ ಸುಳಿವಿಗೆ 2 ಮನೆಯಿದ್ದರೆ ಮೊದಲನೆಯದು, 3 ಮನೆಯಿದ್ದರೆ ದೌರ್ಬಲ್ಯ.

‘ಶಕ್ತಿ ಕಳೆದುಕೊಳ್ಳು’ ಎಂದರೆ ಕ್ರಿಯಾಪದ: ಸೊರಗು, ಬಳಲು, ಕುಗ್ಗು, ಕುಂದು, ಕ್ಷೀಣಿಸು. ‘ಶಕ್ತಿ ಕಳೆದುಕೊಂಡ’ ಎಂದರೆ ಅದರ ಕೃದಂತ: ಸೋತ (2), ಕುಗ್ಗಿದ (3), ಸೊರಗಿದ (4), ಬಳಲಿದ (4). ‘ಕಳೆದುಕೊಳ್ಳು’ ಮತ್ತು ‘ಕಳೆದುಕೊಂಡ’ ನಡುವಿನ ವ್ಯತ್ಯಾಸ ಓದುವಾಗ ಕಣ್ಣಿಗೆ ಬೀಳದೆ ಹೋಗುತ್ತದೆ. ಒಂದು ಸಲ ಬೆರಳಿಟ್ಟು ಓದಿ.

3. ಸುಳಿವಿನಲ್ಲಿರುವ ಮೂಲಪದವನ್ನು ಉತ್ತರದಿಂದ ತೆಗೆದುಹಾಕಿ

ಸುಳಿವಿನಲ್ಲಿ ಬಂದ ಪದವನ್ನು ಉತ್ತರದಲ್ಲಿ ಮತ್ತೆ ತರುವುದು ಪದಬಂಧದಲ್ಲಿ ದೋಷ. ಈ ಮರ್ಯಾದೆಯನ್ನು ಪಾಲಿಸುವವರೇ ಹೆಚ್ಚು. ಹಾಗಾಗಿ:

‘ಬಲವಿಲ್ಲದ’ ಎಂದರೆ ಉತ್ತರದಲ್ಲಿ ‘ಬಲ’ ಇರಲಾರದು. ಅಶಕ್ತ, ನಿಶ್ಶಕ್ತ, ನಿತ್ರಾಣದ ಕಡೆ ಹೋಗಿ.
‘ಶಕ್ತಿಯಿಲ್ಲದ’ ಎಂದರೆ ‘ಶಕ್ತ’ ಇರಲಾರದು. ದುರ್ಬಲ, ನಿರ್ಬಲ, ನಿತ್ರಾಣದ ಕಡೆ ಹೋಗಿ.
‘ತ್ರಾಣವಿಲ್ಲದ’ ಎಂದರೆ ನಿತ್ರಾಣ ಹೊರಗೆ.

ಶೀರ್ಷಿಕೆಯ ಸುಳಿವಿಗೆ ‘ದುರ್ಬಲ’ ಬರೆದವರು ತಪ್ಪಿದ್ದು ಈ ಹಂತದಲ್ಲಿ.

ಒಂದು ಅಪವಾದವಿದೆ. ವಿರುದ್ಧ ಪದ ಕೇಳಿದಾಗ ಮೂಲಪದ ಉಳಿಯುತ್ತದೆ, ಉಪಸರ್ಗ ಮಾತ್ರ ಬದಲಾಗುತ್ತದೆ. ‘ಪ್ರಬಲದ ವಿರುದ್ಧ’ ಎಂದರೆ ದುರ್ಬಲ, ‘ಸಶಕ್ತ ಅಲ್ಲ’ ಎಂದರೆ ಅಶಕ್ತ, ‘ಸಬಲೆಯ ವಿರುದ್ಧ’ ಎಂದರೆ ಅಬಲೆ. ಮೂಲಪದವೇ ಬೇರೆಯಾಗುವ ವಿರುದ್ಧಗಳೂ ಇವೆ: ಸ್ಥೂಲಕ್ಕೆ ಕೃಶ, ವೃದ್ಧಿಗೆ ಕ್ಷಯ, ಗಟ್ಟಿಗೆ ಟೊಳ್ಳು.

4. ಯಾವುದಕ್ಕೆ ಬಲವಿಲ್ಲ ಎಂದು ಕೇಳಿಕೊಳ್ಳಿ

ಸಮಾನಾರ್ಥಕ ಎಂದು ಒಂದೇ ಪಟ್ಟಿಯಲ್ಲಿ ಹಾಕುವ ಪದಗಳು ಬಳಕೆಯಲ್ಲಿ ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡಿರುತ್ತವೆ. ಗೋಡೆ ಕೃಶವಾಗುವುದಿಲ್ಲ, ಶಿಥಿಲವಾಗುತ್ತದೆ. ಎತ್ತು ಶಿಥಿಲವಾಗುವುದಿಲ್ಲ, ಬಡಕಲಾಗುತ್ತದೆ. ಗಿಡ ಸೊರಗುತ್ತದೆ. ಭತ್ತ ಜೊಳ್ಳಾಗುತ್ತದೆ, ಮರ ಟೊಳ್ಳಾಗುತ್ತದೆ, ಮಾತು ಪೊಳ್ಳಾಗುತ್ತದೆ. ಜೊಳ್ಳು, ಟೊಳ್ಳು, ಪೊಳ್ಳು ಮೂರಕ್ಕೂ 2 ಮನೆ, ಮೂರರ ಕೊನೆಯ ಮನೆಯೂ ‘ಳ್ಳು’. ಮೊದಲ ಮನೆ ನಿರ್ಧರಿಸಲು ಸುಳಿವಿನಲ್ಲಿ ಕಾಳಿದೆಯೇ, ಮರವಿದೆಯೇ, ಮಾತಿದೆಯೇ ಎಂಬುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ದನಿ, ಬೆಳಕು, ಚಂದ್ರ, ನಾಡಿ ಇದ್ದರೆ ಕ್ಷೀಣ. ದೃಷ್ಟಿ, ಬುದ್ಧಿ, ಜೀರ್ಣಶಕ್ತಿ ಇದ್ದರೆ ಮಂದ. ‘ಹಸಿವಿಲ್ಲದ ಹೊಟ್ಟೆಯ ರೋಗ (3)’ ಮಂದಾಗ್ನಿ. ಬಣ್ಣ, ಮುಖ, ವಾದ, ಕಥೆಯ ಹೆಣಿಗೆ ಇದ್ದರೆ ಪೇಲವ. ಕಣ್ಣು, ಮುಖದ ಕಾಂತಿ ಹೋಗಿದ್ದರೆ ನಿಸ್ತೇಜ. ಮಣ್ಣು, ಆಹಾರ, ಬರಹದಲ್ಲಿ ಸಾರವಿಲ್ಲದಿದ್ದರೆ ನಿಸ್ಸತ್ತ್ವ. ಉಪವಾಸ, ಬಿಸಿಲು, ದೂರದ ನಡಿಗೆಯ ನಂತರದ್ದು ನಿತ್ರಾಣ. ಕಾಯಿಲೆಯ ನಂತರದ್ದು ನಿಶ್ಶಕ್ತಿ. ವಯಸ್ಸಾದವರು, ದುಡಿಯಲಾಗದವರು ಅಶಕ್ತರು. ಏಟುಗಳ ಮೇಲೆ ಏಟು ತಿಂದದ್ದು ಜರ್ಜರಿತ. ಕೇವಲ ಮೈಯಲ್ಲಿ ಮಾಂಸವಿಲ್ಲದಿರುವುದಕ್ಕೆ ಕೃಶ, ಬಡಕಲು, ಸಣಕಲು. ಗೇಲಿಯ ದನಿಯಿದ್ದರೆ ನರಪೇತಲ (5).

‘ದೌರ್ಬಲ್ಯ’ಕ್ಕೆ ಇನ್ನೊಂದು ಅರ್ಥವಿದೆ, ತಡೆಯಲಾಗದ ಆಸೆ. ‘ಸಿಹಿ ಕಂಡರೆ ಬಾಯಿಗೆ ಇದು (3)’ ಎಂದರೆ ದೌರ್ಬಲ್ಯ, ಚಪಲ, ಚಾಪಲ್ಯ ಮೂರೂ ಹೊಂದುತ್ತವೆ, ಮೂರಕ್ಕೂ 3 ಮನೆಯೇ. ಇಂಥಲ್ಲಿ ಅರ್ಥದ ಮೇಲೆ ಹಟ ಹಿಡಿಯಬೇಡಿ, ಮೊದಲ ಮನೆ ಹಾಯುವ ಪದ ಸಿಗುವವರೆಗೆ ಖಾಲಿ ಬಿಡಿ.

ಅರ್ಥ ಸರಿದಿರುವ ಕೆಲವು ಪದಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ‘ತ್ರಾಣ’ ಸಂಸ್ಕೃತದಲ್ಲಿ ರಕ್ಷಣೆ, ಕನ್ನಡದಲ್ಲಿ ಶಕ್ತಿ. ‘ಪೇಲವ’ ಸಂಸ್ಕೃತದಲ್ಲಿ ಕೋಮಲ, ಕನ್ನಡದಲ್ಲಿ ಈಗ ಸತ್ತ್ವವಿಲ್ಲದ್ದು. ‘ಬಡ’ ಈಗ ದುಡ್ಡಿಲ್ಲದ್ದು, ಹಳಗನ್ನಡದಲ್ಲಿ ತೆಳುವಾದದ್ದೂ ಹೌದು. ಕಾವ್ಯಗಳಲ್ಲಿ ಸಣ್ಣ ಸೊಂಟಕ್ಕೆ ‘ಬಡನಡು’ (4) ಎನ್ನುತ್ತಾರೆ. ಸುಳಿವಿನ ಮುಂದೆ ‘ಹಳಗನ್ನಡದಲ್ಲಿ’ ಎಂದಿದ್ದರೆ ಇಂದಿನ ಅರ್ಥವನ್ನು ಪಕ್ಕಕ್ಕಿಡಿ.

5. ಮನೆಯ ಲೆಕ್ಕದ ಪಟ್ಟಿ ಮಾಡಿಕೊಳ್ಳಿ

ನೋಟುಬುಕ್ಕಿನಲ್ಲಿ ಒಂದು ಅರ್ಥಕ್ಕೆ ಒಂದು ಪುಟ. ಅಕಾರಾದಿಯಾಗಿ ಬರೆಯಬೇಡಿ, ಮನೆಯ ಸಂಖ್ಯೆಯಂತೆ ಬರೆಯಿರಿ. ದೌರ್ಬಲ್ಯದ ಪುಟ ಹೀಗೆ ಶುರುವಾಗಬಹುದು:

2 ಮನೆ: ಕೃಶ, ಕ್ಷೀಣ, ದೀನ, ಮಂದ, ಜೀರ್ಣ, ಕ್ಲೀಬ, ಪೀಚು, ಸುಸ್ತು, ಸೋತ, ಕುಂದು, ಕುಗ್ಗು, ಕ್ಷಯ, ಕಾರ್ಶ್ಯ, ದೈನ್ಯ
3 ಮನೆ: ದುರ್ಬಲ, ನಿರ್ಬಲ, ಅಬಲ, ಅಬಲೆ, ಅಶಕ್ತ, ನಿಶ್ಶಕ್ತ, ನಿಶ್ಶಕ್ತಿ, ನಿತ್ರಾಣ, ಪೇಲವ, ಶಿಥಿಲ, ಜರ್ಜರ, ನಿಸ್ತೇಜ, ನಿಸ್ಸತ್ತ್ವ, ನಿರ್ವೀರ್ಯ, ದೌರ್ಬಲ್ಯ, ಶೈಥಿಲ್ಯ, ಸೊರಗು, ಬಳಲು, ದಣಿವು, ಆಯಾಸ
4 ಮನೆ: ಬಲಹೀನ, ಶಕ್ತಿಹೀನ, ದುರ್ಬಲತೆ, ಬಡಕಲು, ಸಣಕಲು, ಬಳಲಿಕೆ, ಜರ್ಜರಿತ, ಅಸಮರ್ಥ, ಕೃಶಕಾಯ, ಬಡಪಾಯಿ
5 ಮನೆ: ಬಲಹೀನತೆ, ಶಕ್ತಿಹೀನತೆ, ನರಪೇತಲ, ಕೈಲಾಗದವ, ನರದೌರ್ಬಲ್ಯ, ರಕ್ತಹೀನತೆ

ಪ್ರತಿ ಪದದ ಪಕ್ಕ ಅದು ವಿಶೇಷಣವೋ ಭಾವನಾಮವೋ ಕ್ರಿಯಾಪದವೋ ಎಂದು ಒಂದಕ್ಷರದ ಗುರುತು ಹಾಕಿ. ಗುರುತಿಲ್ಲದ ಪಟ್ಟಿ ಇಟ್ಟುಕೊಂಡರೆ ಎರಡನೆಯ ಹಂತದ ಶ್ರಮ ನೀರಿಗೆ ಹೋಗುತ್ತದೆ.

6. ಹಾಯುವ ಮನೆಗಳಿಂದ ಜರಡಿ ಹಿಡಿಯಿರಿ

ಉಳಿದ ಪದಗಳನ್ನು ಈಗ ಅಡ್ಡ ಹಾಯುವ ಪದಗಳ ಎದುರು ಇಡಬೇಕು. ಹಾಯುವ ಪದದ ಉತ್ತರ ಗೊತ್ತಿಲ್ಲದಿದ್ದರೂ ಚೌಕದ ಆಕಾರ ನೋಡಿಯೇ ಅರ್ಧ ಪಟ್ಟಿ ಅಳಿಸಬಹುದು. ಕನ್ನಡದ ಅಕ್ಷರಗಳಿಗೆ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬ ಗಟ್ಟಿ ನಿಯಮಗಳಿರುವುದರಿಂದ ಇದು ಸಾಧ್ಯ.

ಸ್ವರಾಕ್ಷರ ಪದದ ಮೊದಲಲ್ಲೇ ಬರುತ್ತದೆ. ‘ಅ’, ‘ಆ’ ಕನ್ನಡ ಪದದ ನಡುವೆ ಕೂರುವುದು ಅಪರೂಪದಲ್ಲಿ ಅಪರೂಪ. ‘ಅಶಕ್ತ’, ‘ಅಬಲ’, ‘ಆಯಾಸ’ ಬರೆಯಬೇಕಾದರೆ ಅದರ ಮೊದಲ ಮನೆಯಿಂದ ಕೆಳಕ್ಕೆ ಇಳಿಯುವ ಪದವೂ ಅದೇ ಮನೆಯಿಂದಲೇ ಶುರುವಾಗಬೇಕು, ಅಥವಾ ಅಲ್ಲಿ ಯಾವ ಪದವೂ ಹಾಯಬಾರದು. ಮೇಲಿನಿಂದ ಬಂದ ಪದ ಆ ಮನೆಯ ಮೂಲಕ ಹಾದುಹೋಗುತ್ತಿದ್ದರೆ ಅಶಕ್ತ ಅಸಾಧ್ಯ. ‘ಬಲವಿಲ್ಲದ (3)’ಕ್ಕೆ ಆಗ ನಿಶ್ಶಕ್ತ ಅಥವಾ ನಿತ್ರಾಣ ಉಳಿಯುತ್ತವೆ. ಇನ್ನೂ ಒಂದು ಅಕ್ಷರ ಸಿಗುವ ಮೊದಲೇ ಇಷ್ಟು ಹೇಳಬಹುದು.

‘ಣ’, ‘ಳ’ ಪದದ ಮೊದಲಲ್ಲಿ ಬರುವುದಿಲ್ಲವೆಂದೇ ಹಿಡಿಯಿರಿ. ನಿತ್ರಾಣದ ಮೂರನೆಯ ಮನೆಯಿಂದ, ಬಳಲಿಕೆಯ ಎರಡನೆಯ ಮನೆಯಿಂದ ಕೆಳಕ್ಕೆ ಪದ ಶುರುವಾಗುತ್ತಿದ್ದರೆ ಆ ಉತ್ತರಗಳು ತಪ್ಪು. ‘ರ್ಬ’, ‘ಶ್ಶ’, ‘ಕ್ತ’, ‘ಲ್ಯ’ದಿಂದಲೂ ಪದ ಶುರುವಾಗುವುದಿಲ್ಲ. ‘ಕೃ’, ‘ಕ್ಷೀ’, ‘ತ್ರಾ’ದಿಂದ ಆಗುತ್ತದೆ.

ಒತ್ತಕ್ಷರದ ಮನೆ ಎಂದರೆ ಇಡೀ ಒತ್ತಕ್ಷರವೇ ಎರಡೂ ಪದಗಳಿಗೆ ಸಮನಾಗಿ ಬರಬೇಕು. ‘ದುರ್ಬಲ’ದ ನಡುಮನೆ ‘ರ್ಬ’. ‘ಬರ್ಬರ’ ಇಲ್ಲಿ ಹಾಯಬಹುದು. ‘ದರ್ಬಾರು’ ಹಾಯದು, ಅದರ ಮನೆ ‘ರ್ಬಾ’. ‘ನಿರ್ಬಂಧ’ ಹಾಯದು, ಅಲ್ಲಿರುವುದು ‘ರ್ಬಂ’. ‘ಗರ್ಭ’ ಹಾಯದು, ಅದು ಮಹಾಪ್ರಾಣ. ಹೀಗೆ ‘ರ್ಬ’ಕ್ಕೆ ಜೊತೆ ಸಿಗುವುದು ಕಷ್ಟವಾದ್ದರಿಂದ ಪದಬಂಧಕಾರರು ದುರ್ಬಲದ ನಡುಮನೆಯನ್ನು ಹಾಯದ ಮನೆಯಾಗಿ ಬಿಡುವುದೇ ಹೆಚ್ಚು. ಮೂರು ಮನೆಯ ಸಾಲಿನ ನಡುಮನೆಯಲ್ಲೂ ಪದ ಹಾಯುತ್ತಿದ್ದರೆ ಶಿಥಿಲ, ಪೇಲವ, ಸೊರಗು, ಬಳಲು ಥರದ ಒತ್ತಿಲ್ಲದ ಪದಗಳನ್ನು ಮೊದಲು ಪರೀಕ್ಷಿಸಿ. ‘ಲ್ಯ’ಕ್ಕೆ ಈ ಬಡತನವಿಲ್ಲ: ಬಾಲ್ಯ, ಮೌಲ್ಯ, ಶಲ್ಯ ಸಾಲಾಗಿ ಸಿಗುತ್ತವೆ. ‘ಕ್ತ’ಕ್ಕೆ ರಕ್ತ, ಭಕ್ತ, ಮುಕ್ತ, ವ್ಯಕ್ತ.

ಈಗ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ಪದ: ನಿಶ್ಶಕ್ತ. ನಿಸ್ ಎಂಬ ಉಪಸರ್ಗಕ್ಕೆ ಶಕಾರ ಎದುರಾದಾಗ ಸಂಧಿಯಲ್ಲಿ ಸಕಾರವೂ ಶಕಾರವಾಗಿ ‘ನಿಶ್ಶಕ್ತ’ ಆಗುತ್ತದೆ. ವಿಸರ್ಗ ಉಳಿಸಿ ‘ನಿಃಶಕ್ತ’ ಎಂದೂ ಬರೆಯಬಹುದು. ಎರಡೂ ಸರಿ, ಎರಡಕ್ಕೂ 3 ಮನೆ, ಆದರೆ ಮನೆಗಳು ಬೇರೆ:

ನಿಶ್ಶಕ್ತ: ನಿ–ಶ್ಶ–ಕ್ತ
ನಿಃಶಕ್ತ: ನಿಃ–ಶ–ಕ್ತ

ಮೊದಲ ಮನೆಯಿಂದ ‘ನಿದ್ದೆ’ ಇಳಿಯುತ್ತಿದ್ದರೆ ವಿಸರ್ಗದ ರೂಪ ಕೂಡದು. ನಡುಮನೆಯಲ್ಲಿ ‘ಶ’ ಒಂದೇ ಬಂದಿದ್ದರೆ ಒತ್ತಿನ ರೂಪ ಕೂಡದು. ಕೌರವರ ತಂಗಿ ‘ದುಶ್ಶಲೆ’ಯೋ ‘ನಿಶ್ಶಬ್ದ’ವೋ ‘ದುಶ್ಶಕುನ’ವೋ ಹಾಯುತ್ತಿದ್ದರೆ ‘ಶ್ಶ’ ಖಚಿತ. ಇವೆರಡರ ಜೊತೆಗೆ ‘ನಿಶ್ಯಕ್ತ’, ‘ನಿಶಕ್ತ’ ಎಂಬ ತಪ್ಪು ರೂಪಗಳು ಬರಹದಲ್ಲಿ ಬಹಳ ಓಡಾಡುತ್ತವೆ. ‘ಶ್ಯ’ ಹಾಕಿದವರಿಗೆ ಅಡ್ಡಪದದಲ್ಲಿ ದೃಶ್ಯ, ವೈಶ್ಯ, ಅವಶ್ಯ ಎಂದು ಏನಾದರೂ ಹೊಂದಿಸಿಕೊಳ್ಳುವ ಆಸೆ ಹುಟ್ಟುತ್ತದೆ, ತಪ್ಪು ಹರಡುತ್ತದೆ. ‘ನಿತ್ರಾಣ’ಕ್ಕೂ ‘ನಿಸ್ತ್ರಾಣ’ ಎಂಬ ಜೊತೆರೂಪವಿದೆ. ಅಲ್ಲಿ ನಡುಮನೆ ‘ತ್ರಾ’ ಹೋಗಿ ‘ಸ್ತ್ರಾ’ ಆಗುತ್ತದೆ.

7. ಚಮತ್ಕಾರದ ಸುಳಿವಾದರೆ ಅಕ್ಷರದ ಅಂಗಾಂಗ ನೋಡಿ

ಕೆಲವು ಸುಳಿವುಗಳಲ್ಲಿ ಅರ್ಥ ಅರ್ಧ, ಅಕ್ಷರದಾಟ ಅರ್ಧ. ಇಂಥ ಸುಳಿವನ್ನು ಕೆಲವು ಪದಗಳು ಬಿಟ್ಟುಕೊಡುತ್ತವೆ: ತಲೆಯಿಲ್ಲದ, ಬಾಲ ಕತ್ತರಿಸಿದ, ಒಳಗಿರುವ, ಅಡಗಿದ, ಹಿಮ್ಮುಖ, ಚೆದುರಿದ, ಅಸ್ತವ್ಯಸ್ತ. ಅವುಗಳ ಜೊತೆಗೆ ಗುಣಿತ ಚಿಹ್ನೆಗಳ ಹೆಸರುಗಳು ಬರುತ್ತವೆ: ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ, ದೀರ್ಘ, ಒತ್ತು, ಸೊನ್ನೆ. ‘ಕೊಂಬು’ ಎಂದಾಗ ದನವನ್ನು ನೆನೆಯುವ ಮೊದಲು ಉಕಾರವನ್ನು ನೆನೆಯಿರಿ.

‘ಪೇಲವದಲ್ಲಿ ಅಡಗಿದ ರಾಮನ ಮಗ (2)’. ಪೇ–ಲ–ವ, ಉತ್ತರ ಲವ.

‘ತಲೆಯಿಲ್ಲದ ಅಬಲೆ ಮೀನು ಹಿಡಿಯುತ್ತದೆ (2)’. ಅ ತೆಗೆದರೆ ಬಲೆ.

‘ದಕ್ಷಿಣದ ತಲೆ ತೆಗೆದು ದೀರ್ಘ ಕೊಟ್ಟರೆ ಸವೆದದ್ದು (2)’. ದಕ್ಷಿಣದಿಂದ ‘ದ’ ಹೋದರೆ ಕ್ಷಿಣ, ದೀರ್ಘ ಬಂದರೆ ಕ್ಷೀಣ.

‘ಬಡವನ ಮೊದಲೆರಡಕ್ಕೆ ಒತ್ತು ಕಳೆದ ಕಲ್ಲು ಸೇರಿದರೆ ಮೂಳೆ ಕಾಣುತ್ತದೆ (4)’. ಬಡ, ಅದರ ಮುಂದೆ ಕಲ್ಲಿನ ಒತ್ತು ತೆಗೆದ ‘ಕಲು’: ಬಡಕಲು.

‘ಸೀರೆಯ ತುದಿಯ ಏತ್ವ ಓತ್ವವಾದರೆ ಬಾಡು (3)’. ಸೆರಗು, ಸೊರಗು.

ಅಡಗಿದ ಪದದ ಸುಳಿವಿನಲ್ಲಿ ಮನೆಯ ನಿಯಮವೇ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ‘ಬಲಹೀನ’ದಲ್ಲಿ ‘ಬಲ’ ಅಡಗಿದೆ, ‘ಅಬಲ’ದಲ್ಲಿ ಅಡಗಿದೆ. ‘ದುರ್ಬಲ’ದಲ್ಲಿ ಕಣ್ಣಿಗೆ ಕಂಡರೂ ಮನೆಯ ಲೆಕ್ಕದಲ್ಲಿ ಇಲ್ಲ, ಅಲ್ಲಿರುವುದು ‘ರ್ಬಲ’.

8. ನಿಘಂಟು ಕೊನೆಗೆ ತೆರೆಯಿರಿ

ನಿಘಂಟಿನಲ್ಲಿ ನೇರವಾಗಿ ‘ದುರ್ಬಲ’ ತೆರೆದು ಅರ್ಥಗಳನ್ನು ಬರೆದುಕೊಳ್ಳಿ. ಆ ಅರ್ಥಗಳಲ್ಲಿ ಒಂದೊಂದನ್ನೂ ಮತ್ತೆ ತೆರೆಯಿರಿ. ಎರಡು ಮೆಟ್ಟಿಲು ಸಾಕು. ಮೂರನೆಯ ಮೆಟ್ಟಿಲಿಗೆ ಅರ್ಥ ಜಾರುತ್ತದೆ: ದುರ್ಬಲದಿಂದ ಬಡ, ಬಡದಿಂದ ದರಿದ್ರ, ದರಿದ್ರದಿಂದ ಅಶುಭ. ಅಶುಭಕ್ಕೂ ದುರ್ಬಲಕ್ಕೂ ಸಂಬಂಧವೇ ಉಳಿದಿಲ್ಲ.

ಪದ ಸಿಗುತ್ತಿಲ್ಲವೆಂದರೆ ಜಾಗ ತಪ್ಪಿರಬಹುದು. ಒತ್ತಕ್ಷರಗಳು ಆ ವ್ಯಂಜನದ ಗುಣಿತವೆಲ್ಲ ಮುಗಿದ ಮೇಲೆ ಬರುತ್ತವೆ. ‘ದುರಾ’, ‘ದುರು’ ಎಲ್ಲ ದಾಟಿ ‘ದುರ್ಬ’ಕ್ಕೆ ಹೋಗಬೇಕು. ಸೊನ್ನೆಯ ಪದಗಳ ಜಾಗ ನಿಘಂಟಿನಿಂದ ನಿಘಂಟಿಗೆ ಬೇರೆಯಾಗುವುದುಂಟು. ‘ಕುಂದು’ ಒಂದು ಕಡೆ ಸಿಗದಿದ್ದರೆ ‘ಕು’ ವಿಭಾಗದ ಶುರುವಿನಲ್ಲೂ ‘ಕುನ’ ಬರುವ ಜಾಗದಲ್ಲೂ ನೋಡಿ. ‘ಬಳಲು’ ಹುಡುಕುವವರು ‘ಳ’ ವರ್ಣಮಾಲೆಯ ಕೊನೆಯಲ್ಲಿದೆ ಎಂದು ನೆನಪಿಡಲಿ, ‘ಬಲ’ದ ಪಕ್ಕದಲ್ಲಿ ಅದು ಇರುವುದಿಲ್ಲ.

ಸಿಕ್ಕ ಪದವನ್ನು ಬರೆಯುವ ಮೊದಲು ಸುಳಿವಿನ ಜಾಗದಲ್ಲಿ ಅದನ್ನಿಟ್ಟು ಒಂದು ವಾಕ್ಯ ಹೇಳಿನೋಡಿ. ‘ಶಿಥಿಲವಾದ ಸೇತುವೆ’ ಕಿವಿಗೆ ಒಗ್ಗುತ್ತದೆ, ‘ಕೃಶವಾದ ಸೇತುವೆ’ ಒಗ್ಗುವುದಿಲ್ಲ.

ಒಂದು ಸುಳಿವು, ಮೊದಲಿನಿಂದ ಕೊನೆಯವರೆಗೆ

ಎಡದಿಂದ ಬಲಕ್ಕೆ: ‘ಜ್ವರ ಬಿಟ್ಟ ಮೇಲೆ ಮೈಯಲ್ಲಿ ಉಳಿಯುವುದು (3)’.

ಕೇಳಿದ್ದು ನಾಮಪದ, ಆದ್ದರಿಂದ ದುರ್ಬಲ, ಅಶಕ್ತ ಹೊರಗೆ. ಮೂರು ಮನೆ, ಆದ್ದರಿಂದ ಸುಸ್ತು, ಬಳಲಿಕೆ ಹೊರಗೆ. ಮೈಯ ಮಾತು, ಆದ್ದರಿಂದ ಶೈಥಿಲ್ಯ ದೂರ. ಉಳಿದವು: ನಿಶ್ಶಕ್ತಿ, ನಿತ್ರಾಣ, ದೌರ್ಬಲ್ಯ, ಆಯಾಸ, ದಣಿವು. ದಣಿವು ದುಡಿಮೆಯಿಂದ ಬರುವಂಥದ್ದು, ಪಟ್ಟಿಯ ಕೊನೆಗೆ ಹೋಗಲಿ.

ಮೊದಲ ಮನೆಯಿಂದ ಕೆಳಕ್ಕೆ: ‘ರಾತ್ರಿ ಕಣ್ಣಿಗೆ ಬರುವುದು (2)’. ನಿದ್ದೆಯೋ ನಿದ್ರೆಯೋ, ಮೊದಲ ಮನೆ ‘ನಿ’ಯೇ. ದೌರ್ಬಲ್ಯ, ಆಯಾಸ, ದಣಿವು ಹೋದವು. ಎರಡು ಉಳಿದವು.

ಮೂರನೆಯ ಮನೆಗೆ ಮೇಲಿನಿಂದ ಎರಡು ಮನೆಯ ಪದ ಬಂದು ನಿಲ್ಲುತ್ತಿದೆ. ಸುಳಿವು ‘ಉಪಾಯ’ ಎಂದಿದ್ದರೆ ಯುಕ್ತಿ, ಉತ್ತರ ನಿಶ್ಶಕ್ತಿ. ‘ತೀರಿಸಬೇಕಾದ ಸಾಲ’ ಎಂದಿದ್ದರೆ ಋಣ, ಉತ್ತರ ನಿತ್ರಾಣ. ನಿಶ್ಶಕ್ತಿಯ ನಡುಮನೆಯನ್ನು ಯಾವ ಪದವೂ ಹಾಯದಿದ್ದರೆ ಅಲ್ಲಿ ‘ಶ್ಶ’ ಎಂದೇ ಬರೆಯಿರಿ.

ಎಚ್ಚರಿಕೆಯ ಗುರುತುಗಳು

ಒಂದು ಉತ್ತರ ತಪ್ಪಾಗಿದೆ ಎಂದು ಚೌಕವೇ ಹೇಳುತ್ತದೆ. ಅಡ್ಡಪದವೊಂದು ಯಾವ ನಿಘಂಟಿನಲ್ಲೂ ಇಲ್ಲದ ಪದವಾಗುತ್ತಿದ್ದರೆ ಅದನ್ನಲ್ಲ, ಮೊದಲು ಬರೆದ ಸಮಾನಾರ್ಥಕವನ್ನು ಅನುಮಾನಿಸಿ. ‘ಣ’ದಿಂದಲೋ ‘ಕ್ತ’ದಿಂದಲೋ ಪದ ಶುರುಮಾಡಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ. ಹ್ರಸ್ವಕ್ಕೆ ದೀರ್ಘ, ಅಲ್ಪಪ್ರಾಣಕ್ಕೆ ಮಹಾಪ್ರಾಣ ‘ಹೊಂದಿಸಿಕೊಳ್ಳುವ’ ಆಸೆ ಬಂದರೂ ಹಾಗೆಯೇ: ‘ಶಿಥಿಲ’ದ ‘ಥಿ’ಯನ್ನು ‘ತಿ’ ಮಾಡಿ ‘ಅತಿಥಿ’ಯ ನಡುಮನೆಗೆ ಜೋಡಿಸಿದರೆ ಎರಡರಲ್ಲಿ ಒಂದು ಪದ ತಪ್ಪೇ. ‘ಕೃಶ’ದ ‘ಕೃ’ ಬೇರೆ, ‘ಕ್ರಮ’ದ ‘ಕ್ರ’ ಬೇರೆ. ಮಾತಿನಲ್ಲಿ ಹತ್ತಿರ ಕೇಳಿಸಿದರೂ ಒಂದೇ ಮನೆ ಹಂಚಿಕೊಳ್ಳಲಾರವು.

ಮೊಬೈಲಿನಲ್ಲಿ ಪದಬಂಧ ತುಂಬುವಾಗ ಒತ್ತಕ್ಷರವನ್ನು ಪೂರ್ತಿ ಒಂದೇ ಮನೆಯಲ್ಲಿ ಬೆರಳಚ್ಚು ಮಾಡಬೇಕು. ‘ರ್ಬ’ಕ್ಕೆ ಮೊದಲು ರ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಬ. ಮೊದಲ ‘ರ’ ಒತ್ತಿದ ಕೂಡಲೇ ಮುಂದಿನ ಮನೆಗೆ ಹಾರುವ ಜಾಲಪುಟಗಳಿವೆ. ಅಲ್ಲಿ ಹಿಂದಿನ ಮನೆಯನ್ನು ಮತ್ತೆ ಮುಟ್ಟಿ ಒತ್ತನ್ನು ಸೇರಿಸಿ. ಒತ್ತು ಕೆಳಗೆ ಇಳಿಯದೆ ‘ಶ್‌ಶ’ ಎಂದು ಬಿಡಿಬಿಡಿಯಾಗಿ ಕಂಡರೆ ನಡುವೆ ಕಾಣದ ಒಂದು ಚಿಹ್ನೆ ಸೇರಿದೆ ಎಂದರ್ಥ. ಉತ್ತರ ಸರಿಯಿದ್ದರೂ ಅದು ತಪ್ಪು ತೋರಿಸುತ್ತದೆ. ಮನೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಬೆರಳಚ್ಚು ಮಾಡಿ.

ಮರುದಿನ ಉತ್ತರ ಬಂದಾಗ ತಪ್ಪಿದ ಪದವನ್ನು ಮಾತ್ರ ಬರೆದುಕೊಳ್ಳಬೇಡಿ. ಸುಳಿವು, ಮನೆಯ ಸಂಖ್ಯೆ, ನೀವು ಬರೆದದ್ದು, ಸರಿಯುತ್ತರ, ತಪ್ಪಿದ ಹಂತದ ಸಂಖ್ಯೆ, ಈ ಐದನ್ನೂ ಒಂದೇ ಸಾಲಿನಲ್ಲಿ ಬರೆಯಿರಿ: ‘ಬಲವಿಲ್ಲದ, 3, ದುರ್ಬಲ, ನಿಶ್ಶಕ್ತ, ಹಂತ 3’. ಇಂಥ ಇಪ್ಪತ್ತು ಸಾಲು ಸೇರಿದಾಗ ಕೊನೆಯ ಅಂಕಣದಲ್ಲಿ ಯಾವ ಸಂಖ್ಯೆ ಹೆಚ್ಚಿದೆಯೋ ಆ ಹಂತವನ್ನು ಮುಂದಿನ ಪದಬಂಧದಲ್ಲಿ ಎರಡು ಸಲ ಮಾಡಿ.